ಎಳೆಹಗ್ಗದ ಮೂರು ಬಾಲಗಳು

ಬಾವುತಿನೊ, 14 ಸೆಪ್ಟೆಂಬರ್ 1984

ನನ್ನ ಸಣ್ಣ ದೊರೆಗೆ,

ಹೇಗಿದ್ದೀಯಪ್ಪ? ಹೆಂಡತಿ ಸಕಿಪ್‌ಜಮಾಲಳ ಮಂಡಿ ಈ ಗಾಳಿಗೆ ಹಿಡಿದುಕೊಂಡಿಲ್ಲ ತಾನೆ? ಗುಲ್‌ಬರ್ಶಿನ್‌ಗೆ ಕೆಮ್ಮು ಬಿಟ್ಟಿತೇ? ಮಗಳು ಓದುತ್ತಾಳೆಂದು ರಾತ್ರಿಯೆಲ್ಲ ದೀಪ ಉರಿಸಲು ಬಿಡಬೇಡ, ಕಣ್ಣು ಅಪ್ಪನ ಮನೆಯಿಂದ ಎರಡು ಜೊತೆ ಬರುವುದಿಲ್ಲ. ಇಲ್ಲಿ ನಿನ್ನ ಅಣ್ಣನ ಮಗ ಸಗಿಂದಿಕ್ ಮೀನಿನ ಕಾರ್ಖಾನೆಯಲ್ಲಿ ಉಪ್ಪು ಹೊತ್ತು ಹೊತ್ತು ಭುಜ ಅಗಲವಾಗಿದ್ದಾನೆ. ಸೊಸೆ ಕಮ್ಶಾತ್ ಆರೋಗ್ಯ. ಒಂಟೆಯೂ ಆರೋಗ್ಯ, ಹಾಲು ಮಾತ್ರ ಸೊಸೆಗೆ ಕೊಡುತ್ತದೆ, ನನಗೆ ಒದೆ ಕೊಡುತ್ತದೆ.

ಮೊಮ್ಮಗ ಅಲ್ದಿಯಾರ್ ಗೋಡೆ ಹಿಡಿದು ನಿಲ್ಲುತ್ತಿದ್ದಾನೆ. ಇನ್ನೊಂದು ತಿಂಗಳಲ್ಲಿ ಹೆಜ್ಜೆ ಇಡುತ್ತಾನೆ. ಅವನ ಕಾಲುಹುರಿ ಕತ್ತರಿಸುವವನು ನೀನೇ ಎಂದು ಮನೆಯಲ್ಲಿ ಎಲ್ಲರೂ ಸೇರಿ ಮಾಡಿದ ತೀರ್ಮಾನವನ್ನು ಆಗಸ್ಟಿನಲ್ಲೇ ಬರೆದಿದ್ದೆನಲ್ಲ, ಅದು ಬದಲಾಗಿಲ್ಲ. ಮೊದಲ ಹೆಜ್ಜೆಗೆ ಮುನ್ನ ಎರಡು ಕಾಲು ಸೇರಿಸಿ ಕಟ್ಟಿದ ಹುರಿಯನ್ನು ಯಾರು ಕತ್ತರಿಸುತ್ತಾರೋ ಮಗು ಅವರ ನಡೆಯನ್ನೇ ನಡೆಯುತ್ತದಲ್ಲ. ನಮ್ಮ ಕಡೆ ನಿನಗಿಂತ ನೆಟ್ಟಗೆ ನಡೆದವರು ಯಾರಿದ್ದಾರೆ? ಉಬ್ಬಿಹೋಗಬೇಡ. ಚಿಕ್ಕವನಿದ್ದಾಗ ನೀನು ಎಷ್ಟು ಸೊಟ್ಟಗೆ ನಡೆಯುತ್ತಿದ್ದೆ ಎಂದು ನನಗೊಬ್ಬಳಿಗೇ ಗೊತ್ತು.

ಒಂದು ಗುಟ್ಟು ಹೇಳುತ್ತೇನೆ. ಹೋದ ವಾರ ಬಾರ್ಜು ಎಳೆಯುವ ನಿಮ್ಮ ಟಗ್ಗು ಇಲ್ಲಿನ ಬಂದರಿನಲ್ಲಿ ನಿಂತಾಗ ಹಿಟ್ಟಿನ ಬೌರ್ಸಾಕ್ ಕರಿದು ತಂದಿದ್ದೆನಲ್ಲ, ನೀನು ಕ್ಯಾಪ್ಟನ್ನನ ಜೊತೆ ದಡದ ಕಚೇರಿಗೆ ಹೋಗಿದ್ದೆ. ಆ ಚಿಕ್ಕ ನಾವಿಕ ದಾರಿಗೆ ಅಡ್ಡ ನಿಂತ. "ಅಜ್ಜಿ, ಹೊರಗಿನೋರು ಡೆಕ್ಕಿಗೆ ಬರಂಗಿಲ್ಲ, ನಿಯಮ ಐತೆ." ನಾನು ಬಿಡುತ್ತೇನೆಯೇ! "ಹೊರಗಿನೋಳು ಯಾರೋ? ನಿಮ್ಮ ಡೆಕ್ಕಿನ ಮೇಸ್ತ್ರಿ ಚಿಕ್ಕವನಿದ್ದಾಗ ಅವನ ಮೂಗು ಒರೆಸಿದ ಕೈ ಇದು. ಬಿಸಿಯಾಗೈತೆ, ತಿನ್ನು." ತಿಂದ. ದಾರಿ ಬಿಟ್ಟ.

ಡೆಕ್ಕಿನ ಮೇಲೆ ನಿನ್ನ ಹೊಸ ಎಳೆಹಗ್ಗ ಸುರುಳಿ ಸುತ್ತಿಕೊಂಡು ಮಲಗಿತ್ತು, ನನ್ನ ತೋಳಿನಷ್ಟು ದಪ್ಪ, ಹಾಲಿನಷ್ಟು ಬಿಳಿ. ತುದಿಯ ಕುಣಿಕೆ ನೀನೇ ಹೆಣೆದದ್ದಂತೆ. ಕೆಲಸ ಚೆನ್ನಾಗಿದೆ, ಆದರೆ ಇದೇನು ಮಾರಾಯ, ಹೆಣಿಗೆಯ ಕೊನೆಯಲ್ಲಿ ಮೂರು ಬಾಲ ಹಾಗೇ ಚಾಚಿಕೊಂಡು ನಿಂತಿದ್ದವು, ನಿದ್ದೆಯಿಂದ ಎದ್ದ ಮಗುವಿನ ತಲೆಯ ಹಾಗೆ! ಡೇರೆಯ ಪಟ್ಟಿ ನೇಯ್ದು ಬಾಲ ಬಿಟ್ಟರೆ ನಮ್ಮತ್ತೆ ನನ್ನ ಬೆರಳ ಮೇಲೆ ಹೊಡೆಯುತ್ತಿದ್ದರು. ಸಾಣೆ ಹಿಡಿಸಲು ತಂದಿದ್ದ, ಕುರಿಯ ಉಣ್ಣೆ ತೆಗೆಯುವ ಕತ್ತರಿ ಚೀಲದಲ್ಲೇ ಇತ್ತು. ಹಗ್ಗ ಹೊಸದು, ಇನ್ನೂ ಬಿಗಿ ಕಂಡಿರಲಿಲ್ಲ. ಒಂದೊಂದು ಬಾಲವನ್ನೂ ಎರಡೆರಡು ಸುತ್ತು ಬಿಚ್ಚಿ ಉದ್ದಕ್ಕೆ ಎಳೆದುಕೊಂಡು, ಬುಡಕ್ಕೆ ಸಮವಾಗಿ ಕತ್ತರಿಸಿ ನುಣ್ಣಗೆ ಮಾಡಿದೆ. ಈಗ ಮದುಮಗನ ಹಾಗಿದೆ. ಆ ಬಾಲಗಳ ಎಳೆ ಬಿಡಿಸಿ ಅಲ್ದಿಯಾರನ ಕಾಲುಹುರಿ ಹೆಣೆಯುತ್ತಿದ್ದೇನೆ. ಸಮುದ್ರದಲ್ಲಿ ಹಡಗು ಎಳೆಯುವ ಹಗ್ಗ ಕಾಲಿಗೆ ಸೋಕಿದ ಮಗು ಎಲ್ಲಿ ಜಾರೀತು?

ಲಕೋಟೆಯ ಮೇಲೆ ನಿನ್ನ ಹೆಸರನ್ನು ಎಂದಿನಂತೆ ಸಗಿಂದಿಕ್ ಬರೆಯುತ್ತಾನೆ. ಸೊಸೆಯಾಗಿ ಬಂದಾಗಿನಿಂದ, ಗಂಡನ ಮನೆಯಲ್ಲಿ ಆಗಲೇ ಇದ್ದ ಗಂಡಸರ ಹೆಸರು ನನ್ನ ನಾಲಿಗೆಗೂ ಬಂದಿಲ್ಲ, ಪೆನ್ಸಿಲಿಗೂ ಬಂದಿಲ್ಲ. ಅಂಚೆಯ ಹುಡುಗಿ ನಗುತ್ತಾಳೆ: "ಸಣ್ಣ ದೊರೆ, ಗುರಿಯೆವ್ ಅಂತ ಬರೆದ್ರೆ ಯಾವ ಅರಮನೆಗೆ ಕಳಿಸ್ಲಿ ಅಜ್ಜಿ?" ನಿನ್ನ ಶಾಲೆಯ ಪುಸ್ತಕ ಕದ್ದು ನೋಡಿ ಕಲಿತ ಅಕ್ಷರ ನನ್ನದು. ತಪ್ಪಿದ್ದರೆ ನಗಬೇಡ.

ನಿನ್ನ ಅತ್ತಿಗೆ ಉಲ್ಬಿಕೆ

*

ಗುರಿಯೆವ್, 11 ಅಕ್ಟೋಬರ್ 1984

ಪೂಜ್ಯ ಅತ್ತಿಗೆ,

ನಾವೆಲ್ಲ ಕ್ಷೇಮ. ನಿಮ್ಮಿಂದ ಆಗಸ್ಟಿನ ನಂತರ ಕಾಗದ ಬಂದಿಲ್ಲ. ದಾರಿಯಲ್ಲಿ ಎಲ್ಲೋ ಕಳೆದಿರಬೇಕು.

ಸುದ್ದಿ ಅಲ್ಲಿಗೆ ಮುಟ್ಟಿರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಕೊಳವೆ ತುಂಬಿದ ಬಾರ್ಜನ್ನು ಎಳೆದು ತರುವಾಗ ಕುಲಾಲಿ ದ್ವೀಪದ ಹತ್ತಿರ ಗಾಳಿ ಎದ್ದಿತು. ಹಗ್ಗ ಕೈಕೊಟ್ಟಿತು. ಬಾರ್ಜು ಮರಳ ದಿಬ್ಬಕ್ಕೆ ಹೊಡೆಯಿತು. ಅದರ ಕಾವಲಿಗೆ ಇದ್ದದ್ದು ನಿಮ್ಮ ಪಕ್ಕದ ಮನೆಯ ಯೆಫಿಮ್. ಒಬ್ಬನೇ ಲಂಗರು ಇಳಿಸಲು ಹೋಗಿ ಸರಪಳಿಗೆ ಕೈ ಸಿಕ್ಕಿತು. ಬಲಗೈಯ ಎರಡು ಬೆರಳು ಹೋದವು.

ನನ್ನನ್ನು ಡೆಕ್ಕಿನ ಕೆಲಸದಿಂದ ತೆಗೆದಿದ್ದಾರೆ. ದಡದ ಉಗ್ರಾಣದಲ್ಲಿ ಇದ್ದೇನೆ. ಮಗುವಿನ ಕಾಲುಹುರಿ ಕತ್ತರಿಸಲು ಬೇರೆ ಯಾರನ್ನಾದರೂ ನೋಡಿ.

ಇಜ್‌ಬಾಸರ್

*

ಬಾವುತಿನೊ, 30 ಅಕ್ಟೋಬರ್ 1984

ಮೈದುನನಿಗೆ,

ಸಕಿಪ್‌ಜಮಾಲ್ ಹೇಗಿದ್ದಾಳೆ, ಗುಲ್‌ಬರ್ಶಿನ್ ಹೇಗಿದ್ದಾಳೆ ಎಂದು ಕೇಳುತ್ತೇನೆ. ನೀನು ಹೇಗಿದ್ದೀ ಎಂದು ಕೇಳಲು ಈ ಸಲ ಮನಸ್ಸು ಬರುತ್ತಿಲ್ಲ.

ಹಗ್ಗ ಕೈಕೊಟ್ಟಿತಂತೆ! ಹಗ್ಗಕ್ಕೆ ಕೈ ಎಲ್ಲಿದೆಯೋ? ಇಲ್ಲಿ ಬ್ರೆಡ್ಡಿನ ಸಾಲಿನಲ್ಲಿ ನಿಂತರೆ ನನ್ನ ಬೆನ್ನಿಗೇ ಮಾತಾಡುತ್ತಾರೆ. "ಅವ್ರ ಮನೆ ಮೇಸ್ತ್ರಿ ಕಟ್ಟಿದ ಗಂಟಿಗೆ ಮೇಕೇನೂ ನಿಲ್ಲಲ್ವಂತೆ." "ಮೇಕೆ ಬಿಡು, ಅವನ ಪಾಯಿಜಾಮದ ಲಾಡಿ ನಿಂತ್ರೆ ಸಾಕು." ನಾನು ಬ್ರೆಡ್ಡು ತೆಗೆದುಕೊಳ್ಳದೆ ಬಂದೆ. ಒಂಟೆಮರಿಗೆ ಹಗ್ಗ ಕಟ್ಟುವುದನ್ನು ನಿನಗೆ ಕಲಿಸಿದವಳು ನಾನು. "ಕಟ್ಟಿದ ಮೇಲೆ ಒಂದು ಸಲ ಜಗ್ಗಿ ನೋಡು, ಆಮೇಲೆ ಕೈ ಬಿಡು" ಎಂದು ಎಷ್ಟು ಸಲ ಹೇಳಿದ್ದೆ! ಸಮುದ್ರಕ್ಕೆ ಹೋದವನಿಗೆ ಅಷ್ಟೂ ಮರೆತುಹೋಯಿತೇ?

ಯೆಫಿಮನ ಹೆಂಡತಿ ಮಾರ್ಫಾಳ ಮನೆಗೂ ನಮಗೂ ಒಂದೇ ಗೋಡೆ. ಅವನು ನೋವಿಗೆ ನರಳುವುದು ನನ್ನ ದಿಂಬಿಗೆ ಕೇಳಿಸುತ್ತದೆ. ಒಂದು ದಿನ ಧೈರ್ಯ ಮಾಡಿ ರೊಟ್ಟಿ ಸುಟ್ಟುಕೊಂಡು ಹೋದೆ. ಬಾಗಿಲಲ್ಲೇ ಅಳು ಬಂತು. "ನಮ್ಮ ಹುಡುಗನ್ನ ಕ್ಷಮಿಸಿಬಿಡಿ" ಅಂದೆ. ಮಾರ್ಫಾ ನನ್ನನ್ನೇ ತಬ್ಬಿಕೊಂಡು ಒಳಗೆ ಕೂರಿಸಿ ಚಹಾ ಕೊಟ್ಟಳು. "ನೀವ್ಯಾಕೆ ಅಳ್ತೀರಿ ಉಲ್ಬಿಕೆ? ನಿಮ್ದೇನು ತಪ್ಪು ಇದ್ರಲ್ಲಿ?" ಅಂದಳು. ಆ ಚಹಾ ಕುಡಿದು ಬಂದೆ. ನಿನ್ನ ದೆಸೆಯಿಂದ ನಾನು ಯಾರ ಯಾರ ಮನೆಯ ಚಹಾ ಕುಡಿಯಬೇಕಾಯಿತು ನೋಡು.

ಸಗಿಂದಿಕ್ ಕಡ್ಡಿ ಮುರಿದ ಹಾಗೆ ಹೇಳಿದ್ದಾನೆ: "ಅಮ್ಮ, ಅವನ ಕೈಲಿ ಹುರಿ ಕತ್ತರಿಸಿದ್ರೆ ನನ್ ಮಗ ಹೆಜ್ಜೆಗೊಂದು ಸಲ ಬೀಳ್ತಾನೆ." ಕಾರ್ಖಾನೆಯ ಹಿರಿಯರೊಬ್ಬರನ್ನು ಕೇಳೋಣ ಎನ್ನುತ್ತಿದ್ದಾನೆ. ನಾನು ಬೇಡ ಅನ್ನಲಿಲ್ಲ. ನಿನ್ನ ಅಣ್ಣ ಇದನ್ನೆಲ್ಲ ನೋಡದೆ ಮಣ್ಣಿಗೆ ಹೋದದ್ದೇ ಒಳ್ಳೆಯದಾಯಿತು.

ಲಕೋಟೆಯ ಮೇಲೆ ನಿನ್ನ ಹೆಸರು ಬರೆಯಲು ಸಗಿಂದಿಕ್ ಒಪ್ಪಲಿಲ್ಲ. ಕಮ್ಶಾತಳೂ ಸೊಸೆಯೇ, ಅವಳೂ ಬರೆಯುವ ಹಾಗಿಲ್ಲ. ಅಂಚೆಯ ಹುಡುಗಿಯ ಕೈಯಲ್ಲಿ ಬರೆಸುತ್ತೇನೆ. ಅವಳೂ ಈಗ ನಗುವುದಿಲ್ಲ.

ಉಲ್ಬಿಕೆ

*

ಗುರಿಯೆವ್, 17 ನವೆಂಬರ್ 1984

ಅತ್ತಿಗೆ,

ನೀವು ಬೈದದ್ದು ಒಂದು ಮಾತೂ ಹೆಚ್ಚಲ್ಲ.

ಎಳೆಯಲು ಹೊರಡುವ ಮುಂಚೆ ಡೆಕ್ಕಿನ ಮೇಸ್ತ್ರಿ ಮಾಡಬೇಕಾದ ಕೆಲಸ ಇದೆ. ನೀರಿಗೆ ಬಿದ್ದವರಿಗೆ ಎಸೆಯುವ ತೇಲುಬಳೆಗಳು ಜಾಗದಲ್ಲಿವೆಯೇ, ಬೆಂಕಿ ಆರಿಸುವ ಕೊಳಾಯಿಯಲ್ಲಿ ನೀರು ಬರುತ್ತದೆಯೇ, ಬಾರ್ಜಿನ ದೀಪಗಳು ಹತ್ತುತ್ತವೆಯೇ ನೋಡಬೇಕು. ಹಗ್ಗ ಸುತ್ತುವ ಗೂಟದ ಪಕ್ಕದಲ್ಲಿ ಹರಿತವಾದ ಕೊಡಲಿ ನೇತಾಡುತ್ತಿರಬೇಕು. ಬಾರ್ಜು ಅಡ್ಡ ತಿರುಗಿ ಟಗ್ಗೇ ಮಗುಚುವಂತೆ ಎಳೆದರೆ ಹಗ್ಗ ಕಡಿದು ಜೀವ ಉಳಿಸಿಕೊಳ್ಳಬೇಕಲ್ಲ. ಕೊನೆಗೆ ಎಳೆಹಗ್ಗವನ್ನು ಕುಣಿಕೆಯಿಂದ ಸುರುಳಿಯವರೆಗೆ ಕೈಯಲ್ಲಿ ಹಾಯಿಸಿ ನೋಡಬೇಕು. ಕಣ್ಣಲ್ಲಿ ಅಲ್ಲ, ಕೈಯಲ್ಲಿ.

ಆ ದಿನ ಬಳೆ ನೋಡಿದೆ, ಕೊಳಾಯಿ ನೋಡಿದೆ, ದೀಪ ನೋಡಿದೆ, ಕೊಡಲಿಯ ಅಲಗನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದೆ. ಹಗ್ಗ ನೋಡಲಿಲ್ಲ. ನಾನೇ ಹೆಣೆದದ್ದು, ಇನ್ನೂ ಒಮ್ಮೆಯೂ ಎಳೆಯದ ಹಗ್ಗ, ಅದರಲ್ಲಿ ನೋಡುವುದೇನು ಅಂದುಕೊಂಡೆ. ಬೇರೆಯವರು ಮಾಡಿದ್ದನ್ನೆಲ್ಲ ಅನುಮಾನದಿಂದ ನೋಡುವ ನಾನು ನನ್ನ ಕೆಲಸದ ಮೇಲೆ ಕೈಯಾಡಿಸದೆ ಹೋದೆ. "ನೋಡಿದೆಯಾ?" ಎಂದು ಕ್ಯಾಪ್ಟನ್ ಕೂಗಿದಾಗ "ನೋಡಿದೆ" ಅಂದೆ. ಉಗ್ರಾಣದಲ್ಲಿ ಬಣ್ಣದ ಡಬ್ಬಿ ಎಣಿಸುವಾಗಲೂ ಆ ಒಂದು ಮಾತು ಕಿವಿಯಲ್ಲಿ ಇದೆ.

ಸಗಿಂದಿಕ್ ಹೇಳಿದ್ದು ಸರಿ. ಯಾರು ಕತ್ತರಿಸಿದರೂ ಆಗಲಿ, ಮಗುವಿಗೆ ನಮ್ಮ ಹಿರಿಯರ ಪದ್ಧತಿಯಂತೆ ಕರಿ ಬಿಳಿ ಉಣ್ಣೆಯ ಹುರಿಯನ್ನೇ ಕಟ್ಟಿ. ಬೇರೆ ಹಗ್ಗದ ಎಳೆ ಬೇಡ. ಅಂಥದ್ದು ಏನಾದರೂ ಹೆಣೆದಿದ್ದರೆ ಒಲೆಗೆ ಹಾಕಿಬಿಡಿ.

ಇಜ್‌ಬಾಸರ್

*

ಬಾವುತಿನೊ, 5 ಡಿಸೆಂಬರ್ 1984

ನೀನು ನನ್ನ ಸೆಪ್ಟೆಂಬರಿನ ಕಾಗದ ಓದಿದ್ದೀಯ.

ಕಾಲುಹುರಿಗೆ ಬೇರೆ ಹಗ್ಗದ ಎಳೆ ಬಳಸಿದ್ದೇನೆಂದು ಈ ಮನೆಯಲ್ಲಿ ಕಮ್ಶಾತಳಿಗೂ ಹೇಳಿರಲಿಲ್ಲ. ಆ ಕಾಗದದಲ್ಲಿ ಮಾತ್ರ ಬರೆದಿದ್ದೆ. ಅದು ತಲುಪದಿದ್ದರೆ ಯಾವುದನ್ನು ಒಲೆಗೆ ಹಾಕು ಅನ್ನುತ್ತೀಯ? ಯಾಕೆ ಹಾಕು ಅನ್ನುತ್ತೀಯ?

ನಿನ್ನ ಕಾಗದ ಮಡಚಿಟ್ಟು ಯೆಫಿಮನ ಹತ್ತಿರ ಹೋದೆ. ಈಗ ಎದ್ದು ಕೂರುತ್ತಾನೆ, ಕೈ ಎದೆಗೆ ಕಟ್ಟಿದೆ. "ಹಗ್ಗ ಹೇಗೆ ಹರೀತು ಹೇಳು" ಅಂದೆ. "ಹರೀಲಿಲ್ಲ ಅಜ್ಜಿ" ಅಂದ. "ಹರಿದ್ರೆ ಬಂದೂಕು ಹಾರಿದಂಗೆ ಸದ್ದಾಗ್ತದೆ. ಇದು ಸದ್ದೇ ಇಲ್ಲ. ಕುಣಿಕೆಯ ಹೆಣಿಗೆ ಬಿಚ್ಕೊಂಡು, ಸೂಜಿಯಿಂದ ದಾರ ಜಾರಿದಂಗೆ ಜಾರಿಹೋಯ್ತು. ಬಾಲ ಒಂದಂಗುಲಾನೂ ಇರ್ಲಿಲ್ಲ. ಬುಡಕ್ಕೆ ಕತ್ತರಿಸಿದ್ರು, ಯಾವನೋ ಕ್ಷೌರ ಮಾಡಿದಂಗೆ."

"ಬಾಲ ಇದ್ರೆ ಏನಾಗ್ತದೆ?" ಅಂದೆ.

"ಎಳೆತ ಬಿದ್ದಾಗ ಹೆಣಿಗೆ ಸ್ವಲ್ಪ ಸ್ವಲ್ಪ ತೆವಳ್ತದೆ ಅಜ್ಜಿ. ಬಾಲ ಉದ್ದ ಇದ್ರೆ ಹಿಡ್ಕೊಳ್ತದೆ. ಇಲ್ದಿದ್ರೆ ಏನನ್ನ ಹಿಡ್ಕೊಳ್ಬೇಕು?"

ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಹುರಿ ಅಲ್ಲೇ ಇತ್ತು, ಹಾಲಿನಷ್ಟು ಬಿಳಿ. ಕೈಗೆ ತೆಗೆದುಕೊಳ್ಳಲಾಗಲಿಲ್ಲ. ಅಲ್ದಿಯಾರ್ ಪಕ್ಕಕ್ಕೆ ಬಂದು ಅದನ್ನು ಎಳೆದು ಬಾಯಿಗಿಟ್ಟುಕೊಂಡು ನಕ್ಕ.

ಬ್ರೆಡ್ಡಿನ ಸಾಲಿನಲ್ಲಿ ಅವರು ನಕ್ಕದ್ದು ನನ್ನ ಕತ್ತರಿಗೆ. ಮಾರ್ಫಾಳ ಚಹಾ ಕುಡಿದದ್ದು ನಾನು. ನಿನ್ನ ಅಣ್ಣ ಸತ್ತದ್ದೇ ಒಳ್ಳೆಯದಾಯಿತು ಎಂದು ನಿನಗೆ ಬರೆದದ್ದೂ ಇದೇ ಕೈ.

ಮುಚ್ಚಿಡದೆ ಹೇಳು. ವಿಚಾರಣೆಯಲ್ಲಿ ನಿನ್ನನ್ನು ಕೇಳಿದಾಗ ಏನು ಹೇಳಿದೆ?

*

ಗುರಿಯೆವ್, 19 ಡಿಸೆಂಬರ್ 1984

ಅತ್ತಿಗೆ,

ಎಲ್ಲಿಗೂ ಹೋಗಬೇಡಿ, ಯಾರಿಗೂ ಹೇಳಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ಹೌದು, ಕಾಗದ ಬಂದಿತ್ತು. ಬಾರ್ಜು ದಿಬ್ಬಕ್ಕೆ ಹೊಡೆದ ಮೇಲೆ, ಸಮುದ್ರದಿಂದ ಬಂದವನು ಬೂಟು ಬಿಚ್ಚುವ ಮುಂಚೆಯೇ ಸಕಿಪ್‌ಜಮಾಲ್ ಕೈಗೆ ಕೊಟ್ಟಳು. ನಿಮ್ಮ ಅಕ್ಷರ ನೋಡಿ ಎಷ್ಟೋ ದಿನದ ಮೇಲೆ ಉಸಿರು ಬಂದ ಹಾಗಾಯಿತು. ಒಂಟೆ ಒದ್ದದ್ದು ಓದಿ ನಕ್ಕೆ. ಆಮೇಲೆ ಕತ್ತರಿಯ ಸಾಲು ಬಂತು. ಹೆಂಡತಿ "ಏನಂತೆ?" ಅಂದಳು. "ಎಲ್ಲ ಆರೋಗ್ಯವಂತೆ" ಅಂದೆ.

ವಿಚಾರಣೆಯಲ್ಲಿ ಆ ಮೋಟು ಬಾಲಗಳನ್ನು ಮೇಜಿನ ಮೇಲಿಟ್ಟು, "ಹೀಗೆ ಕತ್ತರಿಸಿದ ಮೂರ್ಖ ಯಾರು?" ಎಂದರು. "ನಾನೇ" ಅಂದೆ. ಅದನ್ನು ದೊಡ್ಡ ತ್ಯಾಗ ಅಂದುಕೊಳ್ಳಬೇಡಿ. ಡೆಕ್ಕಿಗೆ ಹೊರಗಿನವರು ಬರಬಾರದೆಂಬ ನಿಯಮ ಕಾಯಬೇಕಾದವನು ನಾನು. "ನಮ್ಮ ಅತ್ತಿಗೆ ಬಂದರೆ ಬಿಡು, ಅವರು ಹೊರಗಿನವರಲ್ಲ" ಎಂದು ಆ ನಾವಿಕನಿಗೆ ಹಿಂದೆಯೇ ಹೇಳಿದ್ದವನೂ ನಾನು. ನೀವು ಗೊತ್ತಿಲ್ಲದೆ ಕತ್ತರಿಸಿದಿರಿ. ನಾನು ಹಗ್ಗ ನೋಡಬೇಕೆಂದು ಗೊತ್ತಿದ್ದೂ ನೋಡಲಿಲ್ಲ. ಒಮ್ಮೆ ಕೈಯಾಡಿಸಿದ್ದರೆ ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು.

ಆ ಊರಿನಲ್ಲಿ ಬದುಕಬೇಕಾದವರು ನೀವು. ಗೋಡೆಯ ಆಚೆ ಮಾರ್ಫಾ ಇದ್ದಾಳೆ. ನನ್ನ ಹೆಸರು ಹೇಗೂ ಹೋಗಿದೆ, ಅದರ ಜೊತೆ ನಿಮ್ಮದೂ ಹೋಗುವುದು ಬೇಡ. ಸುಮ್ಮನಿದ್ದುಬಿಡಿ.

ಇಜ್‌ಬಾಸರ್

*

ಬಾವುತಿನೊ, 20 ಜನವರಿ 1985

ನನ್ನ ಸಣ್ಣ ದೊರೆಗೆ,

ಸಕಿಪ್‌ಜಮಾಲ್, ಗುಲ್‌ಬರ್ಶಿನ್, ನೀನು, ಮೂವರೂ ಕ್ಷೇಮವೇ? ಉಗ್ರಾಣದಲ್ಲಿ ಒಲೆ ಇದೆಯೇ? ಇಲ್ಲದಿದ್ದರೆ ಒಂಟೆ ಉಣ್ಣೆಯ ಕಾಲುಚೀಲ ಕಳಿಸುತ್ತೇನೆ.

ನಿನ್ನ ಕಾಗದ ಪೂರ್ತಿ ಓದಿದೆ. ಒಂದು ಮಾತೂ ಕೇಳಲಿಲ್ಲ. ಬಂದರು ಕಚೇರಿಗೆ ಹೋದೆ.

ಬೆಂಚಿನ ಮೇಲೆ ನಾವಿಕರು ಕಾಯುತ್ತಿದ್ದರು. ತನಿಖೆಯವನು ನಮ್ಮ ಸಗಿಂದಿಕನ ವಯಸ್ಸಿನವನು, ಎದ್ದು ಕುರ್ಚಿ ಕೊಟ್ಟ. "ಯಾರ ವಿಷಯ ಅಜ್ಜಿ?"

"ನನ್ನ ಮೈದುನಂದು."

"ಹೆಸರು?"

"ಸಣ್ಣ ದೊರೆ."

ಬೆಂಚಿನವರು ನಕ್ಕರು. "ದೊರೆಗಳ ಕಾಲ ಹದಿನೇಳರ ಕ್ರಾಂತಿಯಲ್ಲೇ ಮುಗೀತಲ್ಲಜ್ಜಿ!" ಎಂದ ಒಬ್ಬ. ಬಾಗಿಲು ಕಾಯುವ ಮುದುಕ ನಮ್ಮ ಜನದವನು, ಅವನಿಗೆ ಅರ್ಥವಾಯಿತು. "ಆಯಮ್ಮ ಹೇಳಂಗಿಲ್ಲ ಕಣಪ್ಪ, ಸೊಸೆ. ನಾನ್ ಹೇಳ್ತೀನಿ ಬಿಡಿ" ಎಂದು ಮುಂದೆ ಬಂದ.

"ಬೇಡ" ಅಂದೆ. "ಕತ್ತರಿ ಹಿಡಿದ ಕೈ ನಂದು. ಹೆಸರೂ ನನ್ ಬಾಯಿಂದಲೇ ಬರ್ಲಿ."

ಹೇಳಿದೆ. ಅಷ್ಟು ಗಂಡಸರ ಮುಂದೆ, ನೆಟ್ಟಗೆ, ಅಪ್ಪ ಇಟ್ಟ ಹೆಸರಿನಿಂದ ನಿನ್ನನ್ನು ಕರೆದೆ. ಕಿವಿಯ ತನಕ ಬಿಸಿಯಾಯಿತು. ಗುಡ್ಡದ ಮೇಲಿನ ಗೋರಿಯಲ್ಲಿ ನಿನ್ನ ಅಣ್ಣ ಮಗ್ಗುಲು ಬದಲಿಸಿರಬೇಕು. ಆಮೇಲೆ ಹುರಿಯನ್ನು ಮೇಜಿನ ಮೇಲಿಟ್ಟು, ಬೌರ್ಸಾಕಿನಿಂದ ಹಿಡಿದು ಕತ್ತರಿಯ ತನಕ ಎಲ್ಲ ಹೇಳಿದೆ. ಬೆಂಚಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರವಾಗುತ್ತಿತ್ತು.

ನಿನ್ನ ಕೆಲಸ ನಿನಗೆ ವಾಪಸು ಕೊಡಿಸಿಬಿಡುತ್ತೇನೆ ಎಂದುಕೊಂಡು ಹೋಗಿದ್ದೆ. ತನಿಖೆಯವನು ಪೆನ್ನು ತೆಗೆದ. "ಅಜ್ಜಿ, ಕತ್ತರಿ ನಿಮ್ದು. ಆದ್ರೆ ಹಗ್ಗ ನೋಡ್ಬೇಕಾದ ಕೈ ಅವನ್ದು. ಎರಡನ್ನೂ ಬರ್ಕೋತೀನಿ. ಒಂದನ್ನ ಬರೆದು ಇನ್ನೊಂದನ್ನ ಅಳಿಸೋಕಾಗಲ್ಲ" ಎಂದ. ನಿನ್ನನ್ನು ಬೇಸಿಗೆಗೆ ಸಾಮಾನ್ಯ ನಾವಿಕನಾಗಿ ತೆಗೆದುಕೊಳ್ಳಬಹುದಂತೆ, ಮೇಸ್ತ್ರಿಯಾಗಿ ಅಲ್ಲ. ನನ್ನನ್ನು ಡೆಕ್ಕಿಗೆ ಬಿಟ್ಟದ್ದಕ್ಕೆ ಆ ಚಿಕ್ಕ ನಾವಿಕನಿಗೂ ಬೈಗುಳ ಬೀಳುತ್ತದಂತೆ. ಅದು ನನಗೆ ಹೊಳೆದಿರಲಿಲ್ಲ. ಅವನನ್ನು ಕಂಡರೆ ನನ್ನ ಪರವಾಗಿ ಕ್ಷಮೆ ಕೇಳು.

ಅಲ್ಲಿಂದ ನೆಟ್ಟಗೆ ಯೆಫಿಮನ ಮನೆಗೆ ಹೋದೆ. ಮೊದಲು ನಮ್ಮ ಮನೆಗೆ ಹೋಗಿ ಆಮೇಲೆ ಬರೋಣ ಎಂದಿದ್ದರೆ ಧೈರ್ಯ ಬರುತ್ತಿರಲಿಲ್ಲ. ಇಬ್ಬರೂ ಇದ್ದರು. ನಿಂತುಕೊಂಡೇ ಹೇಳಿದೆ. ಯೆಫಿಮ್ ಬಟ್ಟೆ ಒಣಗಿಸುವ ಹಗ್ಗದ ತುಂಡೊಂದನ್ನು ಗೂಟದಿಂದ ತೆಗೆದು, "ಇನ್ನೊಂದ್ಸಲ ಎಲ್ಲಾದ್ರೂ ಕಂಡ್ರೆ, ಬಾಲ ಇಷ್ಟುದ್ದ ಬಿಟ್ಟಿರ್ಬೇಕು ಅಜ್ಜಿ. ಮುಟ್ಬೇಡಿ" ಎಂದು ಅಳತೆ ತೋರಿಸಿದ. ಆ ಬಲಗೈಯಲ್ಲೇ ತೋರಿಸಿದ. ಉಳಿದ ಬೆರಳುಗಳಿಗೆ ಹಗ್ಗ ಹಿಡಿಯಲು ಬರುತ್ತಿರಲಿಲ್ಲ, ಎರಡು ಸಲ ಬಿತ್ತು. ನಾನು ಎತ್ತಿಕೊಟ್ಟೆ.

ಮಾರ್ಫಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಮರುದಿನ ರೊಟ್ಟಿ ತೆಗೆದುಕೊಂಡು ಹೋದೆ. ಇಸಿದುಕೊಂಡಳು, ಒಳಗೆ ಕರೆಯಲಿಲ್ಲ. ನಿನ್ನೆಯೂ ಕೊಟ್ಟೆ, ನಾಳೆಯೂ ಕೊಡುತ್ತೇನೆ. ಕರೆಯಬೇಕೆಂದು ಅಲ್ಲ.

ಈಗ ಮಗುವಿನ ವಿಷಯ. ಕಾರ್ಖಾನೆಯ ಹಿರಿಯರಿಗೆ ಇವತ್ತು ನೆಗಡಿ, ನಾಳೆ ಸಭೆ ಎಂದು ದಿನ ಮುಂದೆ ಹೋಗುತ್ತಲೇ ಇತ್ತು. ನನ್ನ ಸುದ್ದಿ ಕೇಳಿದ ಮೇಲೆ ಅವರ ನೆಗಡಿ ಜಾಸ್ತಿಯಾಯಿತು. ಅಲ್ದಿಯಾರ್ ಯಾರನ್ನೂ ಕಾಯಲಿಲ್ಲ, ನಡೆದೇಬಿಟ್ಟ. ಹುರಿ ಕತ್ತರಿಸದ ಕಾಲು, ಹೊಸ್ತಿಲಿಗೆ ಬಂದಾಗಲೆಲ್ಲ ಎಡವುತ್ತಾನೆ. ಸಗಿಂದಿಕನಿಗೆ ಎಲ್ಲವನ್ನೂ ಹೇಳಿದೆ. ಅವನು ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತವನು ತಟ್ಟೆಗೆ ಹೇಳಿದ: "ಚಿಕ್ಕಪ್ಪನ್ನ ಕರಿ. ಆದ್ರೆ ಕತ್ತರಿಸೋ ಮುಂಚೆ ಗಂಟು ಕೈಯಲ್ಲಿ ಮುಟ್ಟಿ ನೋಡ್ಲಿ. ನಾನೂ ನೋಡ್ತೀನಿ." ಕಮ್ಶಾತ್ ತಲೆವಸ್ತ್ರದ ಅಂಚು ಬಾಯಿಗಿಟ್ಟುಕೊಂಡು ನಕ್ಕಳು. ಈ ಮನೆಯಲ್ಲಿ ಯಾರಾದರೂ ನಕ್ಕು ಎಷ್ಟು ದಿನವಾಗಿತ್ತು.

ಕರಿ ಬಿಳಿ ಉಣ್ಣೆಯ ಹುರಿ ಹೊಸೆದಿಟ್ಟಿದ್ದೇನೆ. ಬಾಲ ಕತ್ತರಿಸಿಲ್ಲ. ನೀನು ಚಾಕು ತಾ. ಬರಲು ನಾಚಿಕೆಯಾದರೆ, ಇಲ್ಲಿ ನಿನಗಿಂತ ನಾಚಿಕೆಯವಳು ಒಬ್ಬಳು ಬಾಗಿಲಲ್ಲಿ ನಿಂತಿರುತ್ತಾಳೆ, ಅವಳ ಪಕ್ಕದಲ್ಲಿ ನಿಂತುಕೋ.

ಲಕೋಟೆಯನ್ನು ಒಲೆಗೆ ಹಾಕುವ ಮುಂಚೆ ಅದರ ಮೇಲೆ ಒಮ್ಮೆ ನೋಡು. ನಿನ್ನ ಹೆಸರಿನ ಅಕ್ಷರ ಸೊಟ್ಟ, ಎರಡನೆಯದು ಗೆರೆ ಬಿಟ್ಟು ಕೆಳಗೆ ಜಾರಿದೆ. ಅದು ಅಂಚೆಯ ಹುಡುಗಿಯ ಬರಹವಲ್ಲ, ಸಗಿಂದಿಕನದೂ ಅಲ್ಲ. ಕಾಗದ ಬರಲಿಲ್ಲ ಎಂದು ಈ ಸಲ ಹೇಳಬೇಡ. ಯಾವ ದಿನ ಬರುತ್ತೀಯ, ಬೇಗ ಬರೆ.

ನಿನ್ನ ಅತ್ತಿಗೆ ಉಲ್ಬಿಕೆ